ಹೂಳು ಮತ್ತು ಹುಳು: ಕೋಲಾರ ಜಿಲ್ಲೆಯ ಒಂದು ಕೆರೆ ಕಾಮಗಾರಿಯ ಪ್ರಕರಣ ಅಧ್ಯಯನ

ಇಲ್ಲಿ ವಿವರಿಸಿರುವ ಕಾಮಗಾರಿ ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಕೆರೆಯಲ್ಲಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಡೆಯಿತು. ಊರು, ತಾಲ್ಲೂಕು, ಹಣ ಕೊಟ್ಟ ಕಂಪನಿ, ಗುತ್ತಿಗೆದಾರರು, ನಮ್ಮ ಸಂಸ್ಥೆ, ಯಾವುದರ ಹೆಸರನ್ನೂ ಹೇಳಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿರ್ಧಾರಗಳ ಕ್ರಮವನ್ನೂ ತಪ್ಪುಗಳನ್ನೂ ಇದ್ದಂತೆಯೇ ಉಳಿಸಿಕೊಂಡಿದ್ದೇನೆ. ನಾನು ಆ ಕಾಮಗಾರಿಯ ಸಂಯೋಜಕನಾಗಿದ್ದೆ. ಆದ್ದರಿಂದ ಮುಂದೆ ಬರುವ ತಪ್ಪುಗಳಲ್ಲಿ ಹೆಚ್ಚಿನವು ನನ್ನವು.

ಹಿನ್ನೆಲೆ

ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಈ ಸೀಮೆಯ ಹಿಂದಿನವರು ಒಂದು ಕೆರೆಯ ಕೋಡಿ ನೀರು ಇನ್ನೊಂದಕ್ಕೆ ಇಳಿಯುವಂತೆ ಸಾಲುಸಾಲಾಗಿ ಕೆರೆ ಕಟ್ಟಿಕೊಂಡು ಬದುಕಿದರು. ಕೊಳವೆಬಾವಿಗಳು ಬಂದ ಮೇಲೆ ಆ ಕೆರೆಗಳ ಮೇಲಿನ ಗಮನ ಹೋಯಿತು. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದ ಮೇಲೆ ಅದೇ ಗಮನ ಮತ್ತೆ ಕೆರೆಗಳತ್ತ ತಿರುಗಿತು. ನಾವು ಕೆಲಸಕ್ಕೆ ಹೋದ ಊರಿನಲ್ಲಿ ಕೆರೆ ಹೂಳು ತುಂಬಿ, ಜಾಲಿ ಬೆಳೆದು, ಒಳ್ಳೆಯ ಮಳೆಯ ವರ್ಷದಲ್ಲೂ ಮೊಣಕಾಲುದ್ದ ನೀರಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ.

ಈ ಕೆರೆಯ ನೀರು ಹಾಯುವ ಜಮೀನು (ಅಚ್ಚುಕಟ್ಟು) 62 ಎಕರೆ, ಎಂದರೆ ಸುಮಾರು 25 ಹೆಕ್ಟೇರ್. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆಯಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ಬದಲು ಪಂಚಾಯತ್ ವ್ಯವಸ್ಥೆಗೆ ಸೇರುವುದರಿಂದ ನಮ್ಮ ಓಡಾಟ ಹೆಚ್ಚಾಗಿ ಗ್ರಾಮ ಪಂಚಾಯಿತಿ ಮತ್ತು ಜಿಲ್ಲಾ ಪಂಚಾಯಿತಿಯ ಕಚೇರಿಗಳ ನಡುವೆಯೇ ಇತ್ತು. ಹಣ ಬಂದದ್ದು ಒಂದು ಕಂಪನಿಯಿಂದ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ, ನಿಗದಿತ ಮಟ್ಟ ದಾಟಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಈ ಪ್ರಕರಣದಲ್ಲಿ ಆ ತಾರೀಖು ಎಲ್ಲ ಮಾತುಕತೆಯ ಹಿಂದೆಯೂ ನಿಂತಿತ್ತು.

ಲೆಕ್ಕ ಹೀಗಿತ್ತು. ಕೆರೆಯಂಗಳದಿಂದ 20,000 ಘನ ಮೀಟರ್ ಹೂಳು ತೆಗೆದು ರೈತರ ಹೊಲಗಳಿಗೆ ಸಾಗಿಸಬೇಕು. ಅಷ್ಟು ತೆಗೆದರೆ 2 ಕೋಟಿ ಲೀಟರ್ ನೀರಿಗೆ ಹೆಚ್ಚುವರಿ ಜಾಗವಾಗುತ್ತದೆ. ಒಂದು ಟ್ರ್ಯಾಕ್ಟರ್ ಟ್ರೈಲರ್‌ಗೆ ಸಡಿಲ ಮಣ್ಣು ಸುಮಾರು 3 ಘನ ಮೀಟರ್ ಹಿಡಿಯುತ್ತದೆ, ಅದು ಕೆರೆಯಂಗಳದ ಅಳತೆಯಲ್ಲಿ ಎರಡೂವರೆ ಘನ ಮೀಟರ್‌ಗೆ ಸಮ; ಎಂದರೆ ಒಟ್ಟು 8,000 ಲೋಡು. 10 ಟ್ರ್ಯಾಕ್ಟರ್ ದಿನಕ್ಕೆ 16 ಸಲ ಓಡಿದರೆ 160 ಲೋಡು, 50 ದಿನ. ಫೆಬ್ರವರಿ 5ಕ್ಕೆ ಶುರುವಾದರೆ ಮಾರ್ಚ್ 26ಕ್ಕೆ ಮುಗಿಯಬೇಕು. ಕೈಯಲ್ಲಿ 5 ದಿನ ಉಳಿಯುತ್ತದೆ ಎಂದು ಹೆಮ್ಮೆಯಿಂದಲೇ ಬರೆದುಕೊಟ್ಟಿದ್ದೆವು. ಆ ವೇಳಾಪಟ್ಟಿಯಲ್ಲಿ ಶಿವರಾತ್ರಿಯೂ ಇರಲಿಲ್ಲ, ವಾರದ ಸಂತೆಯೂ ಇರಲಿಲ್ಲ.

ಪಟ್ಟಿ

ಯೋಜನೆ ನಿರ್ವಹಣೆಯ ತರಬೇತಿಗಳಲ್ಲಿ ಮೊದಲು ಕಲಿಸುವುದು ಸ್ಟೇಕ್‌ಹೋಲ್ಡರ್‌ಗಳ, ಎಂದರೆ ಕೆಲಸದ ಲಾಭನಷ್ಟ ತಟ್ಟುವವರ, ಪಟ್ಟಿ ಮಾಡುವುದನ್ನು. ಯಾರಿಗೆ ಅಧಿಕಾರ ಎಷ್ಟು, ಆಸಕ್ತಿ ಎಷ್ಟು ಎಂದು ಅಳೆದು ನಾಲ್ಕು ಮನೆಗಳ ಚೌಕದಲ್ಲಿ ಕೂರಿಸುವುದು ರೂಢಿ. ನಾವೂ ಹಾಗೆಯೇ ಮಾಡಿದೆವು. ಕಂಪನಿ, ಪಂಚಾಯಿತಿ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಓ), ಇಂಜಿನಿಯರ್, ಕೆರೆ ಸಮಿತಿ, ಅಚ್ಚುಕಟ್ಟಿನ ರೈತರು, ಮೀನು ಹಿಡಿಯುವ ಗುತ್ತಿಗೆಯವರು, ಕುರಿ ಮೇಯಿಸುವವರು, ಕೆರೆಯಂಗಳದ ಅಂಚಿನಲ್ಲಿ ಒತ್ತುವರಿ ಮಾಡಿದ್ದ ಮೂವರು, ಹೀಗೆ ಒಟ್ಟು 14 ಸಾಲು.

ಇಲ್ಲಿ ಒಂದು ಮಾತು ಹೇಳಬೇಕು. ಸ್ಟೇಕ್‌ಹೋಲ್ಡರ್ ಎಂಬುದನ್ನು ಸರ್ಕಾರಿ ಕಡತಗಳಲ್ಲಿ ಒಮ್ಮೊಮ್ಮೆ ‘ಮಧ್ಯಸ್ಥಗಾರ’ ಎಂದು ಬರೆಯುತ್ತಾರೆ. ಓದಿದವರಿಗೆ ಇಬ್ಬರ ಜಗಳ ಬಿಡಿಸುವವರು ನೆನಪಾಗುತ್ತಾರೆ. ನಾವು ‘ಪಾಲುದಾರ’ ಎಂದು ಬರೆದೆವು. ಆ ಪದವೇ ನಮ್ಮನ್ನು ದಾರಿ ತಪ್ಪಿಸಿತು ಎಂದು ಈಗ ಅನ್ನಿಸುತ್ತದೆ. ಪಾಲುದಾರ ಎಂದಾಗ ಕೆರೆಯಲ್ಲಿ ಪಾಲು ಇರುವವರನ್ನೆಲ್ಲ ಹುಡುಕಿದೆವು: ನೀರಿನ ಪಾಲು, ಮೀನಿನ ಪಾಲು, ಮಣ್ಣಿನ ಪಾಲು, ಬಿಲ್ಲಿನ ಪಾಲು. ಕೆರೆಯಲ್ಲಿ ಯಾವ ಪಾಲೂ ಇಲ್ಲದೆ ಕೆಲಸದಿಂದ ನಷ್ಟ ಮಾತ್ರ ಅನುಭವಿಸಬಹುದಾದವರು ಆ ಪದದೊಳಗೆ ಬರುವುದೇ ಇಲ್ಲ. ಕೆರೆಯಿಂದ ಊರೊಳಗೆ ಬರುವ 1.2 ಕಿಲೋಮೀಟರ್ ದಾರಿಯ ಎರಡೂ ಬದಿಗೆ ಇದ್ದ 23 ಮನೆಗಳಲ್ಲಿ ಒಂದೂ ನಮ್ಮ ಪಟ್ಟಿಯಲ್ಲಿ ಇರಲಿಲ್ಲ.

ಗ್ರಾಮಸಭೆ ನಡೆಯಿತು, 112 ಸಹಿ ಬಿದ್ದವು. ವಿರೋಧ ಇರಲಿಲ್ಲ, ಒಂದು ಗುಮಾನಿ ಮಾತ್ರ ಎದ್ದಿತು. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದದ್ದು, ಮರುತಿಂಗಳೇ ಅಲ್ಲಿ ನೊರೆ ಕಾಣಿಸಿದ್ದು ಈ ಭಾಗದವರಿಗೆ ಚೆನ್ನಾಗಿ ನೆನಪಿದೆ. ನಮ್ಮ ಹೂಳೆತ್ತುವ ಕೆಲಸವೂ ಆ ನೀರನ್ನು ತರುವ ತಯಾರಿಯೇ ಎಂದು ಕೆಲವರು ಕೇಳಿದರು. ನಮ್ಮ ಕೆರೆ ಆ ಪಟ್ಟಿಯಲ್ಲಿರಲಿಲ್ಲ, ಹಾಗೆಂದು ಹೇಳಿದೆವು, ಮಾತು ಮುಗಿಯಿತು. ಸಹಿ ಮಾಡಿದವರಲ್ಲಿ ಹೆಂಗಸರು 19 ಮಂದಿ. ಮನೆಯಲ್ಲಿ ತೆಲುಗು ಮಾತಾಡುವ ಆ ಊರಿನಲ್ಲಿ ನಮ್ಮ ವಿವರಣೆಯೆಲ್ಲ ಕಡತದ ಕನ್ನಡದಲ್ಲಿತ್ತು ಎಂಬುದನ್ನು ಆಗ ಯಾರೂ ದೊಡ್ಡದಾಗಿ ಎಣಿಸಲಿಲ್ಲ.

ಒಂಬತ್ತನೆಯ ದಿನ

ಮೊದಲ 8 ದಿನಗಳಲ್ಲಿ 1,280 ಲೋಡು ಹೋಯಿತು. ಲೆಕ್ಕಕ್ಕೆ ಒಂದು ಲೋಡೂ ಕಡಿಮೆಯಿರಲಿಲ್ಲ. ಫೆಬ್ರವರಿ 13ರ ಬೆಳಿಗ್ಗೆ ಏಳೂವರೆಗೆ ಟ್ರ್ಯಾಕ್ಟರ್‌ಗಳ ಸಾಲು ಊರಿನ ಬಾಯಲ್ಲೇ ನಿಂತಿತು. ದಾರಿಗೆ ಅಡ್ಡವಾಗಿ ಹಿಪ್ಪುನೇರಳೆ ಸೊಪ್ಪಿನ ಹೊರೆಗಳು, ಅವುಗಳ ಹಿಂದೆ ಹತ್ತು ಹದಿನೈದು ಹೆಂಗಸರು.

ಅವರಲ್ಲಿ ಹಿರಿಯರಾದ ಒಬ್ಬರು ನನ್ನ ಕೈಯಲ್ಲಿದ್ದ ಕಾಗದದ ಮೇಲೆ ಒಂದು ಎಲೆಯನ್ನು ಇಟ್ಟು ಹೆಬ್ಬೆರಳಿನಿಂದ ಉಜ್ಜಿದರು. ಎಲೆ ತೆಗೆದಾಗ ಕಾಗದದ ಮೇಲೆ ಕಂದು ಬಣ್ಣದ ಒಂದು ಗೆರೆ ಮೂಡಿತ್ತು. ಆ ಕಾಗದ ನಮ್ಮ 14 ಸಾಲಿನ ಪಟ್ಟಿಯಾಗಿತ್ತು. ‘ಏನ್ ಸಾರ್, ಹೂಳೆತ್ತಕ್ಕೆ ಬಂದು ಹುಳಾನ ಸಾಯಿಸ್ತೀರಾ?’ ಎಂದು ಕೇಳಿದರು.

ರೇಷ್ಮೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸಬೇಕು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುನ್ನ ತಿನ್ನುವುದು ನಿಲ್ಲಿಸಿ ಸುಮ್ಮನಿರುವುದನ್ನು ರೈತರು ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಸುಮಾರು ಒಂದು ವಾರ ಹುಳು ಎಡೆಬಿಡದೆ ತಿನ್ನುತ್ತದೆ. ತನ್ನ ಇಡೀ ಜೀವಿತದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕಿಂತ ಹೆಚ್ಚು ಆ ಒಂದೇ ವಾರದಲ್ಲಿ ಖರ್ಚಾಗುತ್ತದೆ. ಆಗ ಧೂಳು ಕೂತ ಸೊಪ್ಪು ಹಾಕಿದರೆ ಹುಳು ಸರಿಯಾಗಿ ಮೇಯುವುದಿಲ್ಲ, ಸೊರಗುತ್ತದೆ, ಸಪ್ಪೆ ರೋಗಕ್ಕೆ ದಾರಿಯಾಗುತ್ತದೆ. ನಮ್ಮ ಟ್ರ್ಯಾಕ್ಟರ್ ಓಡುತ್ತಿದ್ದ ದಾರಿಯ ಬದಿಯ ತೋಟಗಳ ಮೇಲೆ ದಿನಕ್ಕೆ ತುಂಬಿದ 160 ಗಾಡಿ, ಖಾಲಿ 160 ಗಾಡಿ ಎಬ್ಬಿಸಿದ ಕೆಂಧೂಳು ಕೂತಿತ್ತು.

ನಮ್ಮ ಮೇಲ್ವಿಚಾರಕರು ‘ಸೊಪ್ಪನ್ನು ತೊಳೆದು ಹಾಕಿ, ಅಕ್ಕ’ ಎಂದರು. ಅವರ ಉದ್ದೇಶ ಒಳ್ಳೆಯದೇ. ಆದರೆ ಒದ್ದೆ ಸೊಪ್ಪು ಹಾಕಬಾರದು ಎಂಬುದು ಹುಳು ಸಾಕುವ ಮನೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಆ ಒಂದು ಮಾತಿನಿಂದ ಅಲ್ಲಿದ್ದವರಿಗೆ ಖಚಿತವಾದದ್ದು ಇಷ್ಟೇ: ಇವರಿಗೆ ನಮ್ಮ ಕೆಲಸ ಏನೆಂದೇ ಗೊತ್ತಿಲ್ಲ. ಅಲ್ಲಿಯವರೆಗೆ ದೂರು ಧೂಳಿನ ಮೇಲಿತ್ತು, ಆ ಮಾತಿನ ನಂತರ ಅದು ನಮ್ಮ ಮೇಲಾಯಿತು.

ರಸ್ತೆಗೆ ನೀರು

ಕೆಲಸ 4 ದಿನ ನಿಂತಿತು. ಪಂಚಾಯಿತಿ ಅಧ್ಯಕ್ಷರು, ಕೆರೆ ಸಮಿತಿಯ ಹಿರಿಯರು ಸೇರಿ ಒಂದು ಪರಿಹಾರ ಸೂಚಿಸಿದರು: ದಾರಿಗೆ ದಿನಕ್ಕೆ ಮೂರು ಸಲ ನೀರು ಹಾಕುವುದು. ಧೂಳಿಗೆ ನೀರು ಎಂಬುದು ಎಲ್ಲ ಕಾಮಗಾರಿಗಳಲ್ಲೂ ಸಿದ್ಧ ಉತ್ತರ. ಖಾಸಗಿ ಕೊಳವೆಬಾವಿಯಿಂದ ಟ್ಯಾಂಕರ್ ನೀರು ಕೊಂಡು ಫೆಬ್ರವರಿ 17ರಂದು ಕೆಲಸ ಮತ್ತೆ ಶುರು ಮಾಡಿದೆವು. ನಾಲ್ಕು ದಿನಗಳಲ್ಲಿ 600 ಲೋಡು ಹೋಯಿತು.

21ರಂದು ಮತ್ತೆ ನಿಂತಿತು. ಈ ಸಲ ಅಡ್ಡ ನಿಂತವರು ಹುಳು ಸಾಕುವವರಲ್ಲ, ಊರಿನ ಇನ್ನೊಂದು ತುದಿಯ ಕಾಲೋನಿಯವರು. ಅಲ್ಲಿಗೆ ಮೂರು ದಿನಕ್ಕೊಮ್ಮೆ ಕುಡಿಯುವ ನೀರಿನ ಟ್ಯಾಂಕರ್ ಬರುತ್ತಿತ್ತು. ನಮ್ಮ ಟ್ಯಾಂಕರ್ ದಿನಕ್ಕೆ ಮೂರು ಸಲ ಅವರ ಕಣ್ಣೆದುರೇ ಹಾದು ಹೋಗಿ ನೀರನ್ನು ನೆಲಕ್ಕೆ ಸುರಿಯುತ್ತಿತ್ತು. ಖಾಲಿ ಬಿಂದಿಗೆಗಳನ್ನು ಸಾಲಾಗಿ ದಾರಿಯ ಮೇಲೆ ಇಟ್ಟು ಕೂತವರಿಗೆ ನಾವು ಹೇಳಬಹುದಾದ ಉತ್ತರ ಯಾವುದೂ ಇರಲಿಲ್ಲ. ಬಿಸಿಲೇರಿದರೆ ಹಾಕಿದ ನೀರು ಅರ್ಧ ಗಂಟೆಯಲ್ಲಿ ಆರಿ ಧೂಳು ಮತ್ತೆ ಏಳುತ್ತಿತ್ತು, ಆದ್ದರಿಂದ ರೇಷ್ಮೆಯವರಿಗೂ ಸಮಾಧಾನವಾಗಿರಲಿಲ್ಲ.

ಒಬ್ಬರ ದೂರು ಮುಚ್ಚಲು ಹೋಗಿ ಇನ್ನೊಬ್ಬರ ದೂರನ್ನು ತೆರೆದೆವು ಎಂದು ಹೇಳಿ ಮುಗಿಸಬಹುದು, ಆದರೆ ಇನ್ನೂ ಒಂದು ಸಂಗತಿಯಿದೆ. ಪರಿಹಾರ ಹುಡುಕಿದ ಆ ಸಭೆಯಲ್ಲಿ ಧೂಳು ತಿಂದವರು ಒಬ್ಬರೂ ಇರಲಿಲ್ಲ. ನಮ್ಮ ಚೌಕದಲ್ಲಿ ‘ಹೆಚ್ಚು ಅಧಿಕಾರ’ದ ಮನೆಯಲ್ಲಿ ಕೂತವರನ್ನೇ ಮತ್ತೆ ಕರೆದಿದ್ದೆವು. ಅವರಿಗೆ ತೃಪ್ತಿಯಾದರೆ ಊರಿಗೆ ತೃಪ್ತಿಯಾದಂತೆ ಎಂದು ನಂಬಿದ್ದೆವು.

ವರದಿಯಲ್ಲಿ ಬರೆಯದ ಸಾಲು

ಇಡೀ ಪ್ರಕರಣದಲ್ಲಿ ನನಗೆ ಇಂದಿಗೂ ಮುಜುಗರ ತರುವ ಭಾಗ ಇದು. ಕಂಪನಿಗೆ ವಾರಕ್ಕೊಂದು ವರದಿ ಕಳಿಸಬೇಕಿತ್ತು. ಟ್ರ್ಯಾಕ್ಟರ್‌ಗಳು ನಿಂತಿದ್ದ ವಾರದ ವರದಿಯಲ್ಲಿ ನಾನು ಬರೆದದ್ದು: ‘ಸಣ್ಣ ಸ್ಥಳೀಯ ಅಡಚಣೆಯಿದ್ದು, ಬಗೆಹರಿಯುತ್ತಿದೆ.’ ಸುಳ್ಳು ಎನ್ನುವಂತಿಲ್ಲ, ನಿಜವೂ ಅಲ್ಲ. ಸೋಮವಾರದೊಳಗೆ ಸರಿಹೋದರೆ ಹೇಳುವ ಅಗತ್ಯವೇ ಬರುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಜೊತೆಗೆ 8 ದಿನಗಳ ನಿಖರವಾದ ಅಂಕಿಗಳ ಮೇಲೆ ಬಂದಿದ್ದ ಮೆಚ್ಚುಗೆಯನ್ನು ಕಳೆದುಕೊಳ್ಳುವ ಮನಸ್ಸೂ ಇರಲಿಲ್ಲ.

ಫೆಬ್ರವರಿ 22ರಂದು ಕಂಪನಿಯ ಅಧಿಕಾರಿ ಮುನ್ಸೂಚನೆಯಿಲ್ಲದೆ ಬಂದರು. ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗುತ್ತಿದ್ದವರು ಹಾಗೆಯೇ ಕೆರೆ ನೋಡಿಕೊಂಡು ಹೋಗೋಣ ಎಂದು ಇಳಿದಿದ್ದರು. ಬೇವಿನ ಮರದ ನೆರಳಲ್ಲಿ 10 ಟ್ರ್ಯಾಕ್ಟರ್ ಸಾಲಾಗಿ ನಿಂತಿದ್ದವು, ಚಾಲಕರು ಚೌಕಾಬಾರ ಆಡುತ್ತಿದ್ದರು. ಅಧಿಕಾರಿ ಗದರಲಿಲ್ಲ. ಕೆಲಸ ನಿಂತಿರುವುದು ತಮಗೆ ದೊಡ್ಡ ವಿಷಯವಲ್ಲ, ಹಳ್ಳಿಯ ಕೆಲಸಗಳು ನಿಲ್ಲುತ್ತವೆ. ಆದರೆ ತಮ್ಮ ಮೇಲಿನವರಿಗೆ ತಾವು ಹಿಂದಿನ ದಿನವಷ್ಟೇ ‘ಎಲ್ಲವೂ ಸರಿಯಾಗಿದೆ’ ಎಂದು ಹೇಳಿಬಂದಿದ್ದು ತಮಗೆ ದೊಡ್ಡ ವಿಷಯ ಎಂದರು. ನನ್ನ ವರದಿಯ ಒಂದು ಸಾಲು ಅವರನ್ನು ಅವರ ಕಚೇರಿಯಲ್ಲಿ ಸುಳ್ಳುಗಾರರನ್ನಾಗಿ ಮಾಡಿತ್ತು.

ಕೆಲಸದ ದೃಷ್ಟಿಯಿಂದಲೂ ಆ ಮೌನ ದುಬಾರಿಯಾಯಿತು. ಸಾಮಾಜಿಕ ಹೊಣೆಗಾರಿಕೆಯ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯಂತೆ, ಒಂದು ವರ್ಷಕ್ಕೆಂದು ಮಂಜೂರಾದ ಯೋಜನೆಯನ್ನು ಸಕಾರಣವಿದ್ದರೆ ಕಂಪನಿಯ ಆಡಳಿತ ಮಂಡಳಿ ಮುಂದುವರಿಯುವ ಯೋಜನೆ ಎಂದು ವಿಸ್ತರಿಸಬಹುದು. ಹಾಗೆ ಮಾಡಿದಾಗ ಖರ್ಚಾಗದೆ ಉಳಿದ ಹಣವನ್ನು ಹಣಕಾಸು ವರ್ಷ ಮುಗಿದ 30 ದಿನಗಳೊಳಗೆ ಅದಕ್ಕೆಂದೇ ತೆರೆದ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು. ಮಾರ್ಚ್ 31 ನಾವು ತಿಳಿದಷ್ಟು ಗಟ್ಟಿ ಗೋಡೆಯಾಗಿರಲಿಲ್ಲ, ಅದರಲ್ಲಿ ಒಂದು ಬಾಗಿಲಿತ್ತು. ಆದರೆ ಮಂಡಳಿ ಒಪ್ಪಬೇಕಾದರೆ ಕಾರಣವನ್ನು ತಾರೀಖು ಸಮೇತ, ದಾಖಲೆ ಸಮೇತ ತೋರಿಸಬೇಕು. ಕೆಲಸ ನಿಂತ ದಿನವೇ ಬರೆದಿದ್ದರೆ ಆ ದಾಖಲೆ ತಾನಾಗಿಯೇ ಸಿದ್ಧವಿರುತ್ತಿತ್ತು. ಈಗ ‘ಸಣ್ಣ ಅಡಚಣೆ’ ಎಂದು ನಾನೇ ಬರೆದ ವರದಿಯನ್ನು ನಾನೇ ಅಲ್ಲಗಳೆದು ಇನ್ನೊಂದು ಪತ್ರ ಬರೆಯಬೇಕಾಯಿತು. ಬರೆದೆ. ಅದರಲ್ಲಿ ಹಿಂದಿನ ಸಾಲು ತಪ್ಪಾಗಿತ್ತೆಂಬುದನ್ನೂ ಸೇರಿಸಿದೆ. ಮಾರ್ಚ್ ಎರಡನೆಯ ವಾರದ ಸಭೆಯಲ್ಲಿ ವಿಸ್ತರಣೆ ಸಿಕ್ಕಿತು.

ಹುಳುಮನೆಯ ಕ್ಯಾಲೆಂಡರ್

ಫೆಬ್ರವರಿ 23ರ ಸಂಜೆ, ಎಲೆ ಉಜ್ಜಿ ತೋರಿಸಿದ್ದ ಆ ಹಿರಿಯರ ಮನೆಗೆ ಹೋದೆವು. ಪಂಚಾಯಿತಿಯವರನ್ನು ಕರೆದುಕೊಂಡು ಹೋಗಲಿಲ್ಲ. ತೆಲುಗು ಬಲ್ಲ ನಮ್ಮ ಸಹೋದ್ಯೋಗಿಯೊಬ್ಬರು ಜೊತೆಗಿದ್ದರು. ಹುಳುಮನೆಯ ಒಳಗೆ ಬರಬೇಡಿ, ಹೊರಗಿನ ಕಾಲಿನಿಂದ ಸೋಂಕು ಬರುತ್ತದೆ ಎಂದರು. ಹೊರಗೆ ಜಗಲಿಯ ಮೇಲೆ ಕೂತೆವು. ಟೀ ಕೊಟ್ಟರು. ಅರ್ಧ ಗಂಟೆ ನಾವು ಕೆರೆಯ ಮಾತನ್ನು ಎತ್ತಲಿಲ್ಲ, ಅವರ ಕೆಲಸದ ಬಗ್ಗೆ ಕೇಳಿದೆವು.

ಹಾಗೆ ಕೇಳುತ್ತಿರುವಾಗಲೇ ದಾರಿ ಕಂಡಿತು. ದಾರಿಬದಿಯ 23 ಮನೆಗಳಲ್ಲಿ ಆ ತಿಂಗಳು ಹುಳು ಇದ್ದದ್ದು 11 ಮನೆಗಳಲ್ಲಿ. ಈಗ ಹೆಚ್ಚಿನವರು ಮೊಟ್ಟೆ ತಂದು ಮರಿ ಹುಳು ಸಾಕುವುದಿಲ್ಲ. ಚಾಕಿ ಕೇಂದ್ರದವರು ಎರಡನೆಯ ಜ್ವರದವರೆಗೆ ಸಾಕಿದ ಹುಳುವನ್ನು ತರುತ್ತಾರೆ. ಒಂದೇ ಕೇಂದ್ರದಿಂದ ಒಂದೇ ದಿನ ಮೂರು ನಾಲ್ಕು ಮನೆಯವರು ತರುವುದರಿಂದ ಅವರೆಲ್ಲರ ಹುಳುವೂ ಒಂದೇ ಸಲ ದೊಡ್ಡದಾಗುತ್ತದೆ. ಹಾಗಾಗಿ ‘ಯಾವಾಗಲೂ ಯಾರದೋ ಮನೆಯಲ್ಲಿ ಹುಳು ಇರುತ್ತದೆ, ದಾರಿ ಎಂದಿಗೂ ಖಾಲಿಯಿಲ್ಲ’ ಎಂದು ನಾವು ಹೆದರಿದ್ದು ಸರಿಯಾಗಿರಲಿಲ್ಲ. 11 ಮನೆಗಳು ಮೂರು ಗುಂಪುಗಳಾಗಿದ್ದವು. ಧೂಳು ಮುಟ್ಟಲೇಬಾರದ ದಿನಗಳು ಪ್ರತಿ ಗುಂಪಿಗೂ 7, ಸೊಪ್ಪು ಕೊಯ್ಯುವ ಹಿಂದಿನ ದಿನ ಸೇರಿದರೆ 8.

ಆ ಹಿರಿಯರೇ ಮೊಮ್ಮಗನ ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ತಾರೀಖುಗಳನ್ನು ಹೇಳಿ ಬರೆಸಿದರು. ನಮ್ಮ ಕಂಪ್ಯೂಟರಿನಲ್ಲಿದ್ದ ಬಣ್ಣಬಣ್ಣದ ವೇಳಾಪಟ್ಟಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬಂತು. ನಿಷೇಧದ ದಿನಗಳಲ್ಲಿ ಟ್ರ್ಯಾಕ್ಟರ್ ಊರೊಳಗೆ ಬರಬಾರದು. ಗೋಮಾಳದ ಅಂಚಿನ ಹಳೆಯ ಬಂಡಿದಾರಿಯಲ್ಲಿ ಸುತ್ತಿ ಹೋಗಬೇಕು. ಉಳಿದ ದಿನ ಊರೊಳಗಿನ ದಾರಿ, ಆದರೆ ಬೆಳಿಗ್ಗೆ 9ರ ನಂತರ, ಏಕೆಂದರೆ ಸೊಪ್ಪು ಕೊಯ್ಯುವುದು ಬೆಳಗಿನ ತಂಪಿನಲ್ಲಿ. ಬಂಡಿದಾರಿ 2.6 ಕಿಲೋಮೀಟರ್. ಒಂದು ಹಳ್ಳಕ್ಕೆ ಎರಡು ಸಿಮೆಂಟ್ ಪೈಪ್ ಹಾಕಬೇಕು, ಒಬ್ಬರ ಹೊಲದ ಮೂಲೆಯನ್ನು ಹಾಯಬೇಕು. ಹೊಲದವರು 40 ಲೋಡು ಮಣ್ಣು ಕೇಳಿದರು, ಕೊಟ್ಟೆವು. ಒಂದು ಟ್ರ್ಯಾಕ್ಟರ್ ದಿನಕ್ಕೆ 16ರ ಬದಲು 11 ಸಲ ಮಾತ್ರ ಓಡುತ್ತದೆ, ಟ್ರಿಪ್ಪಿಗೆ 60 ರೂಪಾಯಿ ಹೆಚ್ಚು ಕೊಡಬೇಕಾಗುತ್ತದೆ.

ಆ ಹೆಚ್ಚುವರಿ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಕಂಪನಿಯ ಅದೇ ಅಧಿಕಾರಿ. ಉದ್ಘಾಟನಾ ಸಮಾರಂಭ ಮತ್ತು ಕಲ್ಲಿನ ನಾಮಫಲಕಕ್ಕೆಂದು ಒಂದೂವರೆ ಲಕ್ಷ ರೂಪಾಯಿ ಇಟ್ಟಿದ್ದರು. ಶಾಮಿಯಾನ ಬೇಡ, ಒಂದು ತಗಡಿನ ಬೋರ್ಡ್ ಸಾಕು ಎಂದರು. ನಾಲ್ಕು ದಿನ ಹಿಂದೆ ನನ್ನ ಮೇಲೆ ಬೇಸರಗೊಂಡಿದ್ದವರೇ ಈ ಮಾತನ್ನು ಹೇಳಿದ್ದರ ಹಿಂದೆ, ಆ ದಿನ ಬರೆದುಕೊಟ್ಟ ತಪ್ಪೊಪ್ಪಿಗೆಯ ಪತ್ರವೂ ಇತ್ತೆಂದು ನನ್ನ ನಂಬಿಕೆ.

ಫಲಕದ ವಿಷಯ ಬಂದದ್ದರಿಂದ ಇನ್ನೊಂದು. ಕಾಮಗಾರಿಯ ಮಾಹಿತಿ ಫಲಕವನ್ನು ನಾವು ನಿಯಮದಂತೆ ಪಂಚಾಯಿತಿ ಕಚೇರಿಯ ಮುಂದೆ ಹಾಕಿದ್ದೆವು. ಅದನ್ನು ಓದಿದವರು ಯಾರೆಂದು ನನಗೆ ತಿಳಿಯದು. ಈಗ ಒಂದು ಕಪ್ಪು ಹಲಗೆಯನ್ನು ಹಾಲಿನ ಡೈರಿಯ ಗೋಡೆಗೆ ಹಾಕಿದೆವು. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಊರಿನ ಮುಕ್ಕಾಲು ಪಾಲು ಮನೆಯಿಂದ ಒಬ್ಬರಾದರೂ ಕ್ಯಾನು ಹಿಡಿದು ಅಲ್ಲಿಗೆ ಬರುತ್ತಾರೆ. ನಾಳೆ ಯಾವ ದಾರಿ, ಇಂದು ಎಷ್ಟು ಲೋಡು, ಮಣ್ಣು ಪಡೆಯುವ ಸರದಿಯ ಚೀಟಿ ಯಾರದು ಎಂಬ ಮೂರೇ ಸಂಗತಿ. ಬರೆಯುತ್ತಿದ್ದವರು ಡೈರಿಯ ಕಾರ್ಯದರ್ಶಿ; ಓದಲು ಬಾರದವರಿಗೆ ಹಾಲು ಅಳೆಯುತ್ತಲೇ ಓದಿ ಹೇಳುತ್ತಿದ್ದರು. 14 ಸಾಲಿನ ನಮ್ಮ ಪಟ್ಟಿಯಲ್ಲಿ ಅವರ ಹೆಸರೂ ಇರಲಿಲ್ಲ.

ಚೀಟಿ, ಇಟ್ಟಿಗೆ ಗೂಡು, ತೂಬು

ಮಣ್ಣಿನ ಹಂಚಿಕೆಯಲ್ಲೂ ಗೊಣಗಾಟವಿತ್ತು. ದೊಡ್ಡ ಹಿಡುವಳಿಯವರ ಹೊಲಕ್ಕೆ ಮೊದಲ ವಾರದಲ್ಲೇ ಹೆಚ್ಚು ಲೋಡು ಹೋಗಿದ್ದವು. ಎಕರೆಗೆ ಇಷ್ಟು ಲೋಡು ಎಂದು ಮಿತಿ ಹಾಕಿ, ಸರ್ವೆ ನಂಬರಿನ ಪ್ರಕಾರ ಚೀಟಿ ಕೊಟ್ಟು, ಎಕರೆಗಿಂತ ಕಡಿಮೆ ಇರುವವರಿಗೆ ಮೊದಲ ಸರದಿ ಎಂದು ಮಾಡಿದ ಮೇಲೆ ಅದು ತಣ್ಣಗಾಯಿತು.

ಇಟ್ಟಿಗೆ ಗೂಡಿನ ವಿಷಯ ತಣ್ಣಗಾಗಲಿಲ್ಲ. ಊರಿನ ಪ್ರಭಾವಿಯೊಬ್ಬರು ಲೋಡಿಗೆ 300 ರೂಪಾಯಿ ಕೊಟ್ಟು ಮಣ್ಣು ಒಯ್ಯುವುದಾಗಿ ಹೇಳಿದರು. ಆ ಹಣ ದೇವಸ್ಥಾನಕ್ಕೆ ಎಂದೂ ಸೇರಿಸಿದರು. ಕೆರೆ ಸಮಿತಿಯಲ್ಲಿ ಅರ್ಧದಷ್ಟು ಮಂದಿ ಒಪ್ಪಿದ್ದರು. ಹೂಳು ಹೊಲಕ್ಕೆ ಎಂದು ಅನುಮತಿ ಪಡೆದು ವ್ಯಾಪಾರಕ್ಕೆ ಕೊಡಲು ಸಾಧ್ಯವಿಲ್ಲ ಎಂದು ನಾವು ಸ್ಪಷ್ಟವಾಗಿ ಹೇಳಿದೆವು. ಆ ಪ್ರಭಾವಿ ನಮ್ಮ ಚೌಕದಲ್ಲಿ ‘ಹೆಚ್ಚು ಅಧಿಕಾರ, ಹೆಚ್ಚು ಆಸಕ್ತಿ’ಯ ಮನೆಯಲ್ಲಿದ್ದವರು, ಹತ್ತಿರದಿಂದ ನೋಡಿಕೊಳ್ಳಬೇಕಾದವರು. ಅಂದಿನಿಂದ ಅವರು ನಮ್ಮೊಂದಿಗೆ ಮಾತು ಬಿಟ್ಟರು, ಕೊನೆಯ ಸಭೆಗೂ ಬರಲಿಲ್ಲ. ಎಲ್ಲರನ್ನೂ ತೃಪ್ತಿಪಡಿಸುವುದು ಯೋಜನೆಯ ಕೆಲಸ ಎಂದು ನಂಬಿದವರಿಗೆ ಇದು ಸೋಲು. ನಾನು ಇದನ್ನು ಸೋಲೆಂದು ಎಣಿಸುವುದಿಲ್ಲ, ಆದರೆ ‘ಇಲ್ಲ’ ಎಂಬುದನ್ನು ಸಮಿತಿಯೆದುರು ಹೇಳುವ ಬದಲು ಮೊದಲು ಅವರ ಮನೆಗೆ ಹೋಗಿ ಹೇಳಿಬರಬೇಕಿತ್ತು ಎಂದು ಒಪ್ಪುತ್ತೇನೆ. ನಾಲ್ಕು ಜನರೆದುರು ಮುಖ ಮುರಿದದ್ದು ಬೇರೆಯೇ ಗಾಯ.

ಗದ್ದೆಗೆ ನೀರು ಬಿಡುವ ತೂಬಿನ ಕತೆ ಬೇರೆ. ಮಾರ್ಚ್ ನಡುವೆ ಜೆಸಿಬಿ ಏರಿಯ ಹತ್ತಿರ, ತೂಬಿನ ಮುಂದೆ ಅಗೆಯಲು ಶುರುಮಾಡಿತು. ಅಲ್ಲಿ ಹೂಳು ಮೆತ್ತಗಿತ್ತು, ಅಗೆಯುವುದು ಸುಲಭ. ಗುತ್ತಿಗೆದಾರರಿಗೆ ಹಣ ಘನ ಮೀಟರ್ ಲೆಕ್ಕದಲ್ಲಿ. ಊರಿನವರಿಗೂ ಕೆರೆ ಆಳವಾದಷ್ಟೂ ಸಂತೋಷ. ಬೇಡ ಎಂದದ್ದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಒಬ್ಬರೇ. ‘ತೂಬಿನ ಬಾಯಿಗಿಂತ ಕೆಳಗೆ ತೋಡಿದ್ರೆ ಆ ನೀರು ಗದ್ದೆಗೆ ಬರಲ್ಲ ಸ್ವಾಮಿ, ಕೆರೇಲೇ ಕೂತ್ಕಂತದೆ. ಏರಿ ಬುಡ ಬೇರೆ ಸಡಿಲ ಆಗ್ತದೆ’ ಎಂದರು. ಇಂಜಿನಿಯರ್ ಬಂದು ಮಟ್ಟ ಹಿಡಿದು ನೋಡಿ ಅದನ್ನೇ ಹೇಳಿದರು. ಏರಿಯ ಬುಡದ ಪಟ್ಟಿಯನ್ನು ಮುಟ್ಟದೆ ಬಿಟ್ಟೆವು. ಇದರಿಂದ ನಮ್ಮ ಗುರಿ ಕಡಿಮೆಯಾಯಿತು. ಆದರೆ ಈ ಸಲ ಅದೇ ದಿನ ಸಂಜೆ, ಇಂಜಿನಿಯರ್ ಟಿಪ್ಪಣಿಯ ಫೋಟೊ ಸಮೇತ ಕಂಪನಿಗೆ ತಿಳಿಸಿದೆ. ಮರುದಿನ ಬೆಳಿಗ್ಗೆ ‘ಸರಿ’ ಎಂಬ ಒಂದೇ ಪದದ ಉತ್ತರ ಬಂತು.

ಏನಾಯಿತು

ಮಾರ್ಚ್ 31ಕ್ಕೆ 5,100 ಲೋಡು ಆಗಿತ್ತು. ಏಪ್ರಿಲ್ 24ಕ್ಕೆ ಕೆಲಸ ನಿಲ್ಲಿಸಿದಾಗ 7,400. ಗುರಿಗೆ 600 ಕಡಿಮೆ. ಘನ ಮೀಟರ್‌ನಲ್ಲಿ 20,000ದ ಬದಲು 18,500. ಫೆಬ್ರವರಿ 27ರಂದು ಹೊಸ ಏರ್ಪಾಡಿನಲ್ಲಿ ಶುರುವಾದ ಮೇಲೆ ಹಬ್ಬದ ದಿನಗಳನ್ನು ಬಿಟ್ಟರೆ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಮಾರ್ಚ್‌ನಲ್ಲಿ ಒಮ್ಮೆ ಚಾಲಕರೊಬ್ಬರು ನಿಷೇಧದ ದಿನ ಊರೊಳಗಿನ ದಾರಿ ಹಿಡಿದರು. ಅವರನ್ನು ಹಿಂದಕ್ಕೆ ಕಳಿಸಿದವರು ನಮ್ಮ ಮೇಲ್ವಿಚಾರಕರಲ್ಲ, ಡೈರಿಗೆ ಹಾಲು ಒಯ್ಯುತ್ತಿದ್ದ ಹುಡುಗ. ಹಲಗೆಯ ಮೇಲೆ ಬರೆದಿದ್ದನ್ನು ಅವನು ಓದಿದ್ದ.

ಕಾಲೋನಿಯವರ ವಿಷಯದಲ್ಲಿ ನಾವು ಮಾಡಿದ್ದು ಅಲ್ಪ. ರಸ್ತೆಗೆ ನೀರು ಹಾಕುವುದನ್ನು ನಿಲ್ಲಿಸಿದೆವು, ಆಗಲೇ ಹಣ ಕಟ್ಟಿದ್ದ ಉಳಿದ ಟ್ಯಾಂಕರ್‌ಗಳನ್ನು ಅಲ್ಲಿಗೆ ಕಳಿಸಿದೆವು. ಅವರ ನೀರಿನ ತೊಂದರೆ ನಮ್ಮ ಯೋಜನೆಗಿಂತ ಮೊದಲೂ ಇತ್ತು, ನಂತರವೂ ಇತ್ತು.

ಮುಂದಿನ ಕೆಲಸದಲ್ಲಿ ಬದಲಿಸಿದ್ದು

ಅದರ ನಂತರ ಇನ್ನೊಂದು ಊರಿನ ಕೆರೆಗೆ ಪಟ್ಟಿ ಮಾಡುವಾಗ ಕಚೇರಿಯಲ್ಲಿ ಕೂರಲಿಲ್ಲ. ಲೋಡು ಹೋಗುವ ದಾರಿಯುದ್ದಕ್ಕೂ, ಗಾಡಿ ಓಡುವ ಹೊತ್ತಿನಲ್ಲೇ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನಡೆದೆವು. ಯಾರ ಮನೆಯ ಮುಂದೆ ರಾಗಿ ಒಣಗುತ್ತಿದೆ, ಎಲ್ಲಿ ಅಂಗನವಾಡಿ, ಎಲ್ಲಿ ಹಸು ಕಟ್ಟುತ್ತಾರೆ ಎಂದು ಬರೆದುಕೊಂಡೆವು. ಪಟ್ಟಿಯ ತಲೆಬರಹವನ್ನು ‘ಪಾಲುದಾರರು’ ಎಂಬುದರಿಂದ ‘ಸಂಬಂಧಪಟ್ಟವರು’ ಎಂದು ಬದಲಿಸಿದೆವು. 14 ಇದ್ದದ್ದು 31 ಸಾಲಾಯಿತು, ಕೆಲಸ ಶುರುವಾಗುವುದು ಹತ್ತು ದಿನ ತಡವಾಯಿತು. ಈ ತಡವನ್ನು ಹಣ ಕೊಡುವವರಿಗೆ ಮೊದಲೇ ಹೇಳಿದರೆ ಅವರು ಒಪ್ಪುತ್ತಾರೆ ಎಂಬುದು ನನ್ನ ಅನುಭವ; ಮಾರ್ಚ್‌ನಲ್ಲಿ ಹೇಳಿದರೆ ಒಪ್ಪುವುದು ಕಷ್ಟ.

ವಾರದ ವರದಿಯ ನಮೂನೆಯಲ್ಲಿ ‘ಈ ವಾರ ಕೆಟ್ಟದ್ದೇನು’ ಎಂಬ ಖಾನೆಯನ್ನು ಮೊದಲಿಗೆ ತಂದೆವು. ಅದನ್ನು ಖಾಲಿ ಬಿಡುವಂತಿಲ್ಲ. ಮೊದಲ ತಿಂಗಳು ಸಿಬ್ಬಂದಿಗೆ ಇದು ಇರಿಸುಮುರಿಸಾಯಿತು, ಕೆಲವರು ಬಿಸಿಲು ಹೆಚ್ಚು ಎಂದು ಬರೆದು ತಪ್ಪಿಸಿಕೊಂಡರು. ಈಗ ಓದುವವರು ಮೊದಲು ನೋಡುವುದೇ ಅದನ್ನು.

ಬಗೆಹರಿಯದೆ ಉಳಿದದ್ದು ಎರಡು ಮನೆಗಳ ವಿಷಯ. ಮೊದಲ 8 ದಿನಗಳ ಧೂಳಿನಲ್ಲಿ, 150 ಮೊಟ್ಟೆಯ (ಇಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪು) ಹುಳು ಸಾಕಿದ್ದ ಒಂದು ಮನೆಯಲ್ಲೂ 100 ಮೊಟ್ಟೆಯ ಇನ್ನೊಂದು ಮನೆಯಲ್ಲೂ ಬೆಳೆ ಹೆಚ್ಚೂಕಡಿಮೆ ಕೈಬಿಟ್ಟಿತ್ತು. ಧೂಳೇ ಕಾರಣವೆಂದು ಖಚಿತವಾಗಿ ಹೇಳಲಾಗದು, ಹುಳುಮನೆಯ ಶುಚಿಯೂ ಹವೆಯೂ ಸೇರಿರಬಹುದು ಎಂದು ರೇಷ್ಮೆ ಇಲಾಖೆಯವರು ಹೇಳಿದರು. ಯೋಜನೆಯ ಲೆಕ್ಕದಲ್ಲಿ ನಷ್ಟ ಪರಿಹಾರ ಎಂಬ ಶೀರ್ಷಿಕೆಯೇ ಇರಲಿಲ್ಲ. ನಮ್ಮ ಕೈಯಲ್ಲಿದ್ದದ್ದು ಮಣ್ಣು ಮಾತ್ರ, ಆದ್ದರಿಂದ ಇಬ್ಬರಿಗೂ ಪಾಲಿಗಿಂತ ಹೆಚ್ಚಾಗಿ 25 ಲೋಡು ಕೊಡುವುದಾಗಿ ಹೇಳಿದೆವು. ಒಂದು ಮನೆಯವರು ತೆಗೆದುಕೊಂಡರು. ಇನ್ನೊಂದು ಮನೆಯ ಯಜಮಾನರು ಚೀಟಿಯನ್ನು ಹಿಂದಕ್ಕೆ ಕೊಟ್ಟು, ‘ಮಣ್ಣಿಂದ ಹೋಗಿದ್ದಕ್ಕೆ ಮಣ್ಣೇ ಕೊಡ್ತೀರಾ ಸಾರ್’ ಎಂದರು. ಕಂಪನಿಗೆ ಸಲ್ಲಿಸಿದ ಕೊನೆಯ ವರದಿಯಲ್ಲಿ ಫಲಾನುಭವಿಗಳ ತೃಪ್ತಿಯನ್ನು ಬರೆಯಲು ಒಂದು ಕಾಲಂ ಇತ್ತು. ಆ ಮನೆಯ ಮುಂದೆ ‘ಇಲ್ಲ’ ಎಂದು ಬರೆದು, ಪಕ್ಕದಲ್ಲಿ ಅವರ ಮಾತನ್ನು ಹಾಗೆಯೇ ಸೇರಿಸಿ ಕಳಿಸಿದೆವು.